ಮ್ಯಾಟರ್‌ಹಾರ್ನ್: ಏರಿದ ಬಗೆ, ಇಳಿದ ಬಗೆ

ಯೂರೋಪ್ ಖಂಡದ ನಡುವೆ ಬಿಲ್ಲಿನಂತೆ ಬಾಗಿ ಹಬ್ಬಿರುವ ಆಲ್ಪ್ಸ್ ಪರ್ವತಶ್ರೇಣಿಯಲ್ಲಿ ನಾಲ್ಕು ಸಾವಿರ ಮೀಟರುಗಳನ್ನು ಮೀರಿದ ಶಿಖರಗಳು 80ಕ್ಕೂ ಮಿಗಿಲಾಗಿವೆ. ಎತ್ತರವೊಂದನ್ನೇ ಗಣಿಸುವುದಾದರೆ ಮ್ಯಾಟರ್‌ಹಾರ್ನ್‌ಗೆ ಅವುಗಳಲ್ಲಿ ಅಗ್ರಸ್ಥಾನವಿಲ್ಲ. ಅದರ ಎತ್ತರ 4,478 ಮೀಟರು. ಮಾಂಟ್ ಬ್ಲಾಂಕ್ ಶಿಖರವಾದರೋ 4,800 ಮೀಟರುಗಳಿಗೂ ಮೇಲ್ಪಟ್ಟದ್ದು. ಆ ಮಾಂಟ್ ಬ್ಲಾಂಕನ್ನು ಮನುಷ್ಯನು 1786ರಲ್ಲಿಯೇ ಮೆಟ್ಟಿದನು. ಮಾಂಟೆ ರೋಸಾ 1855ರಲ್ಲಿ ಮಣಿಯಿತು. ಆ ಬಳಿಕ ಹತ್ತು ವರ್ಷಗಳೊಳಗೆ ಹೆಸರಾಂತ ಶಿಖರಗಳು ಒಂದಾದ ಮೇಲೊಂದರಂತೆ ಆರೋಹಿಗಳ ವಶವಾದವು. ಮ್ಯಾಟರ್‌ಹಾರ್ನ್ ಮಾತ್ರ ತಲೆಬಾಗದೆ ನಿಂತಿತ್ತು. ಕೊನೆಗೆ 1865ರ ಜುಲೈ 14ರಂದು ಏಳು ಮಂದಿ ಅದರ ನೆತ್ತಿಯ ಮೇಲೆ ನಿಂತರು. ಅವರಲ್ಲಿ ನಾಲ್ವರು ಆ ಸಂಜೆಯನ್ನು ಕಾಣಲಿಲ್ಲ. ಅವರ ಮರಣಕ್ಕೆ ಕಾರಣವಾದುದು ಬೆಟ್ಟದ ಕಾಠಿಣ್ಯವೋ, ಮನುಷ್ಯರ ಅನವಧಾನವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಇದನ್ನು ಅರಿಯಬೇಕಾದರೆ ಆ ಬೆಟ್ಟದ ರಚನೆಯನ್ನೂ, ಏರುವವರನ್ನು ಒಬ್ಬರಿಗೊಬ್ಬರನ್ನು ಬಂಧಿಸುವ ಹಗ್ಗದ ಕಾರ್ಯವನ್ನೂ ಮೊದಲು ತಿಳಿಯುವುದು ಅವಶ್ಯ.

ಸ್ವಿಟ್ಜರ್ಲೆಂಡ್ ಮತ್ತು ಇಟಲಿ ದೇಶಗಳ ಗಡಿರೇಖೆ ಈ ಶಿಖರದ ಮೇಲೆಯೇ ಹಾದುಹೋಗಿದೆ. ಉತ್ತರಕ್ಕೆ ಸ್ವಿಟ್ಜರ್ಲೆಂಡಿನ ಜರ್ಮಾಟ್ ಗ್ರಾಮ. ದಕ್ಷಿಣಕ್ಕೆ ಇಟಲಿಯ ವಾಲ್‌ಟೂರ್ನಾಂಶ್ ಕಣಿವೆ, ಅದರ ತುದಿಯಲ್ಲಿ ಬ್ರೂಯಿ ಎಂಬ ಊರು. ಜರ್ಮನ್ ಭಾಷೆಯಲ್ಲಿ ‘ಮಾಟ್ಟೆ’ ಎಂದರೆ ಹುಲ್ಲುಗಾವಲು, ‘ಹಾರ್ನ್’ ಎಂದರೆ ಕೊಂಬು. ಹಸಿರು ಹುಲ್ಲುಗಾವಲುಗಳ ಮೇಲೆ ಒಂಟಿಯಾಗಿ ಎದ್ದುನಿಂತ ಕೊಂಬು ಇದೆಂಬುದು ಹೆಸರಿನಲ್ಲಿಯೇ ಅಡಗಿದೆ. ಇಟಲಿಯವರು ಇದನ್ನು ಮಾಂಟೆ ಚೆರ್ವಿನೋ ಎನ್ನುತ್ತಾರೆ. ಜರ್ಮಾಟ್ ಗ್ರಾಮವೇ ಸಮುದ್ರಮಟ್ಟದಿಂದ ಸುಮಾರು 1,600 ಮೀಟರು ಎತ್ತರದಲ್ಲಿದೆ. ಅಲ್ಲಿಂದ ಶಿಖರಕ್ಕೆ ಇನ್ನೂ 2,870 ಮೀಟರುಗಳಿಗೂ ಅಧಿಕವಾದ ಏರು. ನಮ್ಮ ನಾಡಿನ ಅತ್ಯುನ್ನತ ಗಿರಿಯಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ಹಾಗಾದರೆ ಜರ್ಮಾಟಿನ ಬೀದಿಯಲ್ಲಿ ನಿಂತು ತಲೆಯೆತ್ತಿದವನ ಕಣ್ಣಿಗೆ ಹೆಚ್ಚುಕಡಿಮೆ ಒಂದೂವರೆ ಮುಳ್ಳಯ್ಯನಗಿರಿಯಷ್ಟು ಕಲ್ಲು ಆಕಾಶಕ್ಕೆ ಚಾಚಿದಂತೆ ತೋರುತ್ತದೆ.

ಈ ಕೊಂಬನ್ನು ಕಡೆದ ಶಿಲ್ಪಿ ಹಿಮ. ಬೆಟ್ಟದ ಸುತ್ತಲೂ ಬೇರೆ ಬೇರೆ ದಿಕ್ಕುಗಳಲ್ಲಿ ಹಿಮನದಿಗಳು ಹುಟ್ಟಿ ಲಕ್ಷಾಂತರ ವರ್ಷಗಳ ಕಾಲ ಅದರ ಬುಡವನ್ನು ಬೋಗುಣಿಯಂತೆ ಕೊರೆಯುತ್ತ ಬಂದವು. ಬಿರುಕುಗಳಲ್ಲಿ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಬಂಡೆಗಳನ್ನು ಸೀಳಿ ಉರುಳಿಸುತ್ತದೆ. ಎಲ್ಲ ಕಡೆಗಳಿಂದಲೂ ಹೀಗೆ ಸವೆದಾಗ ನಡುವೆ ಉಳಿಯುವುದು ನಾಲ್ಕು ಮುಖಗಳ, ನಾಲ್ಕು ಏಣುಗಳ ಚೂಪಾದ ಗೋಪುರ. ಎರಡು ಮುಖಗಳು ಕೂಡುವ ಅಂಚಿಗೆ ಏಣು ಎನ್ನುವರು. ಈಶಾನ್ಯಕ್ಕೆ ಹೋರ್ನ್‌ಲಿ, ಆಗ್ನೇಯಕ್ಕೆ ಫುರ್ಗೆನ್, ನೈರುತ್ಯಕ್ಕೆ ಲಯನ್ ಅಥವಾ ಸಿಂಹದ ಏಣು, ವಾಯವ್ಯಕ್ಕೆ ತ್ಸ್ಮುಟ್ ಎಂದು ಇವುಗಳ ಹೆಸರು. ಇನ್ನೊಂದು ಸಂಗತಿ ಭೂವಿಜ್ಞಾನಿಗಳನ್ನೂ ಬೆರಗುಗೊಳಿಸಿದಂಥದು. ಆಫ್ರಿಕದ ಭೂಫಲಕವು ಯೂರೋಪಿನ ಫಲಕದೊಡನೆ ಒತ್ತಿಕೊಂಡ ಕಾಲದಲ್ಲಿ, ನಡುವಿದ್ದ ಪುರಾತನ ಸಮುದ್ರದ ತಳದ ಶಿಲೆಗಳ ಮೇಲೆ ಆಫ್ರಿಕದ ಕಡೆಯ ಶಿಲೆಗಳು ಸರಿದು ಕುಳಿತವು. ಆದುದರಿಂದ ಮ್ಯಾಟರ್‌ಹಾರ್ನಿನ ಮೇಲ್ಭಾಗದ ನೈಸ್ ಶಿಲೆ ಮೂಲತಃ ಆಫ್ರಿಕದ ಕಡೆಯದು, ಅದರ ಕೆಳಗಿರುವುದು ಸಮುದ್ರತಳದ್ದು. ಯೂರೋಪಿನ ಹೆಮ್ಮೆಯ ಶಿಖರದ ತಲೆ ಯೂರೋಪಿನದಲ್ಲವೆಂಬುದು ವಿನೋದವೇ ಸರಿ.

ಜರ್ಮಾಟಿನಿಂದ ನೋಡುವಾಗ ಪೂರ್ವದ ಮುಖ ನೇರ ಎದುರಿಗೆ ಬರುವುದರಿಂದ ಅದು ಗೋಡೆಯಂತೆ ಕಡಿದಾಗಿ ಕಾಣುತ್ತದೆ. ಆ ಕಾರಣದಿಂದಲೇ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಅನುಭವಿಗಳಾದ ಮಾರ್ಗದರ್ಶಿಗಳೂ ಈ ಬೆಟ್ಟದ ಮಾತೆತ್ತಿದರೆ ಹಿಂದೆಗೆಯುತ್ತಿದ್ದರು. ಶಿಖರದ ಮೇಲೆ ಹಾಳುಬಿದ್ದ ಪಟ್ಟಣವೊಂದಿದೆ, ಅಲ್ಲಿ ಪ್ರೇತಗಳು ವಾಸಿಸುತ್ತವೆ ಎಂಬ ನಂಬಿಕೆಯೂ ಕಣಿವೆಯ ಜನರಲ್ಲಿ ಇದ್ದಿತು. ಇಂಥ ಬೆಟ್ಟದ ಮೇಲೆ ಇಬ್ಬರು ಕಣ್ಣಿಟ್ಟರು. ಒಬ್ಬನು ಪರದೇಶದವನು, ಇನ್ನೊಬ್ಬನು ಅದರ ನೆರಳಿನಲ್ಲಿಯೇ ಹುಟ್ಟಿ ಬೆಳೆದವನು.

ಎಡ್ವರ್ಡ್ ವಿಂಪರ್ ಲಂಡನ್ನಿನಲ್ಲಿ 1840ರಲ್ಲಿ ಜನಿಸಿದವನು. ಮರದ ಅಚ್ಚುಗಳನ್ನು ಕೊರೆದು ಪುಸ್ತಕಗಳಿಗೆ ಚಿತ್ರ ಒದಗಿಸುವುದು ಅವನ ವೃತ್ತಿ. ಪ್ರಕಾಶಕನೊಬ್ಬನು ಆಲ್ಪ್ಸ್ ಪರ್ವತಗಳ ಚಿತ್ರಗಳನ್ನು ಬರೆದು ತರಲು 1860ರಲ್ಲಿ ಅವನನ್ನು ಕಳುಹಿಸಿದನು. ಅದುವರೆಗೆ ಪರ್ವತವನ್ನೇ ಕಾಣದಿದ್ದ ಇಪ್ಪತ್ತರ ಯುವಕನು ಚಿತ್ರದೊಡನೆ ಹಂಬಲವನ್ನೂ ಹೊತ್ತು ಹಿಂದಿರುಗಿದನು. ಜಾನ್ ಆಂತ್ವಾನ್ ಕಾರೆಲ್ 1829ರಲ್ಲಿ ವಾಲ್‌ಟೂರ್ನಾಂಶ್ ಕಣಿವೆಯಲ್ಲಿ ಹುಟ್ಟಿದವನು. ಇಟಲಿಯ ಏಕೀಕರಣದ ಯುದ್ಧಗಳಲ್ಲಿ ಸೈನಿಕನಾಗಿ ಹೋರಾಡಿ ಬಂದವನು. ಬೆಟ್ಟವನ್ನು ಏರಬಹುದೆಂದು ದೃಢವಾಗಿ ನಂಬಿದ್ದ ಸ್ಥಳೀಯರಲ್ಲಿ ಅವನೇ ಮೊದಲಿಗ. ಆದರೆ ಅವನಿಗೊಂದು ಹಟವಿತ್ತು: ಏರಿದರೆ ತನ್ನ ಕಣಿವೆಯ ಕಡೆಯಿಂದ, ಇಟಲಿಯ ಕೀರ್ತಿಗಾಗಿಯೇ ಏರಬೇಕು. 1861ರಿಂದ ಮುಂದೆ ವಿಂಪರ್ ಮತ್ತೆ ಮತ್ತೆ ಸಿಂಹದ ಏಣಿನ ಮೇಲೆ ಪ್ರಯತ್ನಿಸಿದನು. ಕೆಲವು ಬಾರಿ ಕಾರೆಲ್‌ನ ಜೊತೆಯಲ್ಲಿ, ಒಮ್ಮೆ ಒಬ್ಬನೇ. ಒಬ್ಬನೇ ಹೋದ 1862ರ ಜುಲೈ ತಿಂಗಳಲ್ಲಿ ಇಳಿಯುವಾಗ ಕಾಲುಜಾರಿ ಸುಮಾರು 60 ಮೀಟರು ಉರುಳಿ, ತಲೆಯೊಡೆದು ರಕ್ತ ಸುರಿಯುತ್ತ ಹೇಗೋ ಕೆಳಗೆ ಮುಟ್ಟಿದನು. ಕೆಲವೇ ದಿನಗಳಲ್ಲಿ ಪುನಃ ಬೆಟ್ಟ ಹತ್ತಿದನೆಂದರೆ ಅವನ ಛಲ ಎಂಥದೆಂಬುದನ್ನು ಊಹಿಸಬಹುದು.

ಛಲಕ್ಕಿಂತ ಮಿಗಿಲಾಗಿ ಅವನಿಗೆ ನೆರವಾದುದು ಚಿತ್ರಕಾರನ ಕಣ್ಣು. ಇಟಲಿಯ ಕಡೆ ಸೋಲಿಸಿದುದೇನೆಂದು ಅವನು ಯೋಚಿಸಿದನು. ಬೆಟ್ಟದ ಶಿಲೆ ಪದರು ಪದರಾಗಿದ್ದು, ಆ ಪದರುಗಳೆಲ್ಲ ನೈರುತ್ಯ ದಿಕ್ಕಿಗೆ ವಾಲಿಕೊಂಡಿವೆ. ಆದುದರಿಂದ ನೈರುತ್ಯದಲ್ಲಿ ಏರುವವನಿಗೆ ಪ್ರತಿಯೊಂದು ಕಲ್ಲೂ ಹೊರಕ್ಕೆ ಇಳಿಜಾರಾಗಿರುತ್ತದೆ. ಹೆಂಚಿನ ಮಾಡಿನ ಮೇಲೆ ಹತ್ತಿದಂತೆ, ಕೈಗೆ ಹಿಡಿಯಿಲ್ಲ, ಕಾಲಿಗೆ ನೆಲೆಯಿಲ್ಲ. ಅದೇ ಪದರುಗಳು ಪೂರ್ವದ ಕಡೆ ಬೆಟ್ಟದ ಒಳಕ್ಕೆ ವಾಲಿರಬೇಕಷ್ಟೆ. ಹಾಗಿದ್ದರೆ ಅಲ್ಲಿ ಮುರಿದ ಅಂಚುಗಳು ಮೆಟ್ಟಿಲುಗಳಂತೆ ಇರುತ್ತವೆ, ಮೆಟ್ಟಿದ ಕಾಲು ಒಳಕ್ಕೇ ಒತ್ತುತ್ತದೆ. ಪಕ್ಕದಿಂದ ನೋಡಿ ಅಳೆದಾಗ ಗೋಡೆಯಂತೆ ತೋರುತ್ತಿದ್ದ ಪೂರ್ವಮುಖದ ಇಳಿಜಾರು ಸರಾಸರಿ 40 ಡಿಗ್ರಿಗಳಷ್ಟೇ ಎಂದು ತಿಳಿಯಿತು. ನೂರಾರು ಜನ ನಿತ್ಯವೂ ನೋಡುತ್ತಿದ್ದ ಬೆಟ್ಟವನ್ನು ಒಬ್ಬನು ಬೇರೊಂದು ಬದಿಯಿಂದ ನೋಡಿದನು, ಅಷ್ಟೆ. ಮುಂದಿನ ವಿಜಯದ ಅರ್ಧಪಾಲು ಈ ಅವಲೋಕನದಲ್ಲಿಯೇ ಇತ್ತೆನ್ನಬಹುದು.

1865ರ ಜುಲೈನಲ್ಲಿ ವಿಂಪರ್ ಬ್ರೂಯಿಗೆ ಬಂದನು. ಕಾರೆಲ್ ಗೌರವಸ್ಥ ಕುಟುಂಬವೊಂದಕ್ಕೆ ಮಾರ್ಗದರ್ಶಿಯಾಗಿ ಹೋಗಬೇಕಾಗಿದೆಯೆಂದು ಹೇಳಿ ಅವನನ್ನು ಬಿಟ್ಟುಹೋದನು. ಜುಲೈ 11ರ ಬೆಳಿಗ್ಗೆ ನಿಜಾಂಶ ಹೊರಬಿದ್ದಿತು. ಟ್ಯೂರಿನ್ ನಗರದಲ್ಲಿ 1863ರಲ್ಲಿ ಸ್ಥಾಪಿತವಾಗಿದ್ದ ಇಟಲಿಯ ಆಲ್ಪೈನ್ ಕ್ಲಬ್ಬಿನ ಪರವಾಗಿ ಫೆಲಿಚೆ ಜೊರ್ಡಾನೋ ಎಂಬ ಎಂಜಿನಿಯರನು ಕಾರೆಲ್‌ನನ್ನು ಗುಟ್ಟಾಗಿ ಗೊತ್ತುಮಾಡಿಕೊಂಡಿದ್ದನು. ಕಾರೆಲ್‌ನ ತಂಡ ಆಗಲೇ ಬೆಟ್ಟದತ್ತ ಹೊರಟಿತ್ತು. ಇದನ್ನು ದ್ರೋಹವೆಂದು ಕರೆದವರುಂಟು. ಆದರೆ ತನ್ನ ಊರಿನ ಬೆಟ್ಟವನ್ನು ತನ್ನ ನಾಡಿಗೆಂದು ಮೀಸಲಿಡಬಯಸಿದವನ ಕಡೆಯಿಂದಲೂ ಇದನ್ನು ನೋಡಬೇಕಾಗುತ್ತದೆ. ವಿಂಪರ್‌ಗೆ ಹೊರೆಯಾಳು ಸಹ ದೊರೆಯಲಿಲ್ಲ. ಅದೃಷ್ಟವಶಾತ್ ಅಂದೇ ಹದಿನೆಂಟು ವರ್ಷದ ಲಾರ್ಡ್ ಫ್ರಾನ್ಸಿಸ್ ಡಗ್ಲಸ್ ಎಂಬ ತರುಣನು ಬ್ರೂಯಿಗೆ ಬಂದನು. ಇಬ್ಬರೂ 12ರಂದು ಥಿಯೋಡುಲ್ ಘಾಟಿಯನ್ನು ದಾಟಿ ಜರ್ಮಾಟ್ ಸೇರಿ, ಪೀಟರ್ ಟೌಗ್‌ವಾಲ್ಡರ್ ಎಂಬ ಅಲ್ಲಿಯ ಮಾರ್ಗದರ್ಶಿಯನ್ನೂ ಅದೇ ಹೆಸರಿನ ಅವನ ಮಗನನ್ನೂ ಗೊತ್ತುಮಾಡಿದರು. ಅದೇ ಶಿಖರವನ್ನು ಏರಬೇಕೆಂದು ಚಾರ್ಲ್ಸ್ ಹಡ್ಸನ್ ಎಂಬ ಇಂಗ್ಲಿಷ್ ಪಾದ್ರಿಯೂ, ಅವನ ಜೊತೆಯ ಹತ್ತೊಂಬತ್ತರ ಹರೆಯದ ಡಗ್ಲಸ್ ಹ್ಯಾಡೋ ಎಂಬವನೂ, ಶಾಮೊನಿಯ ಪ್ರಸಿದ್ಧ ಮಾರ್ಗದರ್ಶಿ ಮಿಶೆಲ್ ಕ್ರೋನೂ ಜರ್ಮಾಟಿಗೆ ಬಂದಿಳಿದಿದ್ದರು. ಎರಡು ತಂಡಗಳು ಒಂದೇ ಸಮಯಕ್ಕೆ ಏರುವುದು ತರವಲ್ಲವೆಂದು ಬಗೆದು ಎಲ್ಲರೂ ಒಂದಾದರು.

ಇಲ್ಲಿ ಒಂದು ಕ್ಷಣ ನಿಂತು ಗಮನಿಸಬೇಕು. ಹಡ್ಸನ್ ಆ ಕಾಲದ ಶ್ರೇಷ್ಠ ಆರೋಹಿಗಳಲ್ಲಿ ಒಬ್ಬನು. ಕ್ರೋ ಅಂತೂ ಮಾರ್ಗದರ್ಶಿಗಳಲ್ಲಿ ಅಗ್ರಗಣ್ಯ. ಆದರೆ ಹ್ಯಾಡೋ ಆಲ್ಪ್ಸ್‌ಗೆ ಹೊಸಬ. ಅವನ ಅನುಭವವೇನೆಂದು ವಿಂಪರ್ ಕೇಳಿದಾಗ, ಮಾಂಟ್ ಬ್ಲಾಂಕನ್ನು ಬಹುಜನರಿಗಿಂತ ಕಡಿಮೆ ವೇಳೆಯಲ್ಲಿ ಏರಿದ್ದಾನೆಂದು ಹಡ್ಸನ್ ಉತ್ತರಿಸಿದನು. ಮಾಂಟ್ ಬ್ಲಾಂಕ್ ಬಹುಪಾಲು ಹಿಮದ ಮೇಲಿನ ದೀರ್ಘ ನಡಿಗೆ. ಗಟ್ಟಿಯಾದ ಎದೆಗುಂಡಿಗೆ, ಬಲವಾದ ಕಾಲುಗಳಿದ್ದವನು ಅದನ್ನು ಬೇಗನೆ ಏರಬಲ್ಲನು. ಬಂಡೆಯ ಮೇಲೆ, ಅದರಲ್ಲೂ ತೆಳುವಾದ ಮಂಜು ಹೊದೆದ ಬಂಡೆಯ ಮೇಲೆ, ಎಲ್ಲಿ ಕಾಲಿಡಬೇಕು, ಭಾರವನ್ನು ಯಾವಾಗ ವರ್ಗಾಯಿಸಬೇಕು ಎಂಬ ವಿದ್ಯೆಯೇ ಬೇರೆ. ಆ ಉತ್ತರದಿಂದ ತೃಪ್ತರಾಗಿ ತರುಣನನ್ನು ಸೇರಿಸಿಕೊಂಡದ್ದು ಮೊದಲನೆಯ ತಪ್ಪು ಹೆಜ್ಜೆ.

ಜುಲೈ 13ರಂದು ಬೆಳಿಗ್ಗೆ 5 ಗಂಟೆ 30 ನಿಮಿಷಕ್ಕೆ, ಮೋಡದ ಸುಳಿವಿಲ್ಲದ ದಿನದಲ್ಲಿ ಅವರು ಜರ್ಮಾಟ್ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆಲ್ಲ ಸುಮಾರು 3,350 ಮೀಟರು ಎತ್ತರದಲ್ಲಿ ಡೇರೆ ಹಾಕಿದರು. ಮುಂದಿನ ದಾರಿಯನ್ನು ನೋಡಿ ಬರಲು ಹೋಗಿದ್ದ ಕ್ರೋ ಮತ್ತು ಕಿರಿಯ ಪೀಟರ್ ಹರ್ಷದಿಂದ ಹಿಂದಿರುಗಿದರು. ಏನೂ ತೊಡಕಿಲ್ಲ, ಇಂದೇ ಏರಿ ಇಳಿಯಬಹುದಾಗಿತ್ತು ಎಂದರು. ಮರುದಿನ ಬೆಳಕು ಹರಿಯುವಾಗಲೇ ಹೊರಟು ಪೂರ್ವಮುಖದ ಆ ಪ್ರಕೃತಿದತ್ತ ಮೆಟ್ಟಿಲುಗಳನ್ನು ಏರತೊಡಗಿದರು. ಬಹುದೂರ ಹಗ್ಗವನ್ನೇ ಬಳಸಬೇಕಾಗಲಿಲ್ಲ. ಮೇಲ್ಭಾಗದಲ್ಲಿ ಏಣು ಗೋಡೆಯಂತೆ ಎದ್ದಾಗ ಬಲಕ್ಕೆ ತಿರುಗಿ ಉತ್ತರಮುಖದ ಅಂಚಿಗೆ ಹೋಗಬೇಕಾಯಿತು. ಅಲ್ಲಿ ಬಂಡೆಯ ಸಂದುಗಳಲ್ಲಿ ಹಿಮ, ಮೇಲೆ ಗಾಜಿನಂಥ ಮಂಜಿನ ಪದರ. ಕಷ್ಟದ ಭಾಗ ಇಷ್ಟೇ, ಅದೂ ಬಹಳ ಉದ್ದವಲ್ಲ. ಅಭ್ಯಾಸವಿಲ್ಲದ ಹ್ಯಾಡೋನಿಗೆ ಮಾತ್ರ ಅಲ್ಲಿ ಪದೇ ಪದೇ ಆಸರೆ ನೀಡಬೇಕಾಯಿತು. ಆ ಮೂಲೆಯನ್ನು ದಾಟಿದ ಮೇಲೆ ಉಳಿದದ್ದು ಸುಲಭವಾದ ಹಿಮದ ಇಳಿಜಾರು. ಕ್ರೋ ಮತ್ತು ವಿಂಪರ್ ಹಗ್ಗ ಕಳಚಿ ಓಡಿದರು. ಮಧ್ಯಾಹ್ನ 1 ಗಂಟೆ 40 ನಿಮಿಷಕ್ಕೆ ಮ್ಯಾಟರ್‌ಹಾರ್ನ್ ಅವರ ಪಾದದಡಿ ಇತ್ತು.

ಶಿಖರವು ಕಿರಿದಾದ, ಉದ್ದನೆಯ ಏಣು. ಅದರ ಒಂದು ತುದಿ ಸ್ವಿಟ್ಜರ್ಲೆಂಡಿನದು, ಎರಡು ಮೀಟರು ತಗ್ಗಾದ ಇನ್ನೊಂದು ತುದಿ ಇಟಲಿಯದು. ಕಾರೆಲ್ ತಮಗಿಂತ ಮೊದಲೇ ಬಂದಿರಬಹುದೆಂಬ ಶಂಕೆಯಿಂದ ವಿಂಪರ್ ಆ ತುದಿಗೂ ಓಡಿ ಹೆಜ್ಜೆಗುರುತುಗಳನ್ನು ಹುಡುಕಿದನು. ಹಿಮ ನಿಷ್ಕಳಂಕವಾಗಿತ್ತು. ಬಗ್ಗಿ ನೋಡಿದಾಗ ಇಟಲಿಯವರು ಬಹು ಕೆಳಗೆ ಚುಕ್ಕೆಗಳಂತೆ ಕಂಡರು. ಕೂಗಿದರು, ಕೇಳಿಸಲಿಲ್ಲವೆಂದು ಕಲ್ಲುಗಳನ್ನು ಉರುಳಿಸಿ ಗಮನ ಸೆಳೆದರು. ಕಾರೆಲ್ ತಂಡದೊಡನೆ ಹಿಂದಿರುಗಿದನು. ಡೇರೆಯ ಕೋಲಿಗೆ ಕ್ರೋ ತನ್ನ ಅಂಗಿಯನ್ನೇ ಕಟ್ಟಿ ಧ್ವಜವಾಗಿ ನೆಟ್ಟನು. ಶಿಖರದ ಮೇಲೆ ಅವರು ಕಳೆದದ್ದು ಒಂದು ಗಂಟೆ.

ಪರ್ವತಾರೋಹಣದಲ್ಲಿ ಏರುವುದಕ್ಕಿಂತ ಇಳಿಯುವುದು ಕಠಿನ. ಏರುವಾಗ ಕಣ್ಣು ಮುಂದಿನ ಹಿಡಿಯನ್ನು ಕಾಣುತ್ತದೆ, ಕೈ ಮೊದಲು ಹೋಗುತ್ತದೆ, ಕಾಲು ಅದನ್ನು ಹಿಂಬಾಲಿಸುತ್ತದೆ. ಇಳಿಯುವಾಗ ಕಾಲು ಕಾಣದ ಕಡೆ ತಡವರಿಸಬೇಕು. ದೇಹ ಬಳಲಿರುತ್ತದೆ, ಆ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಹೆಚ್ಚುಕಡಿಮೆ 60ರಷ್ಟು ಶೇಕಡಾ ಮಾತ್ರ. ಎಲ್ಲಕ್ಕಿಂತ ಹೆಚ್ಚಾಗಿ ಕೆಲಸ ಮುಗಿಯಿತೆಂಬ ಭಾವನೆ ಮನಸ್ಸನ್ನು ಸಡಿಲಿಸುತ್ತದೆ. ವಿಂಪರ್ ಮತ್ತು ಹಡ್ಸನ್ ಇಳಿಯುವ ಕ್ರಮವನ್ನು ಕೂತು ಚರ್ಚಿಸಿದ್ದರು. ಮುಂದೆ ಕ್ರೋ, ಅವನ ಹಿಂದೆ ಹ್ಯಾಡೋ, ಆಮೇಲೆ ಹಡ್ಸನ್, ಡಗ್ಲಸ್, ಹಿರಿಯ ಪೀಟರ್. ಕಷ್ಟದ ಮೂಲೆಯನ್ನು ತಲುಪಿದಾಗ ಬಂಡೆಗೆ ಬೇರೊಂದು ಹಗ್ಗವನ್ನು ಕಟ್ಟಿ, ಅದನ್ನು ಹಿಡಿದು ಇಳಿಯಬಹುದೆಂದು ವಿಂಪರ್ ಸೂಚಿಸಿದನು, ಹಡ್ಸನ್ ಒಪ್ಪಿದನು. ಆದರೆ ಹಾಗೆಯೇ ಮಾಡತಕ್ಕದ್ದೆಂದು ಖಚಿತವಾಗಿ ನಿಶ್ಚಯಿಸಲಿಲ್ಲ. ಆ ಕಾರ್ಯಕ್ಕೆಂದೇ ತಂದಿದ್ದ ಹಗ್ಗ ಅವರ ಬಳಿ ಬೇಕಾದಷ್ಟಿತ್ತು.

ವಿಂಪರ್ ಚಿತ್ರ ಬರೆಯುತ್ತ, ಆರೋಹಿಗಳ ಹೆಸರುಗಳನ್ನು ಸೀಸೆಯೊಂದರಲ್ಲಿ ಇಡುತ್ತ ಸ್ವಲ್ಪ ಹಿಂದುಳಿದು, ಕಿರಿಯ ಪೀಟರನೊಡನೆ ಬೇರೆ ಹಗ್ಗದಲ್ಲಿ ಇಳಿದು ಬಂದನು. ಮೂರು ಗಂಟೆಯ ಸುಮಾರಿಗೆ ಡಗ್ಲಸ್‌ನು, ಯಾರಾದರೂ ಜಾರಿದರೆ ಹಿರಿಯ ಪೀಟರನೊಬ್ಬನಿಂದ ತಡೆಯಲಾಗದೆಂದು ಭಯಪಟ್ಟು, ತಮ್ಮೊಡನೆ ಕಟ್ಟಿಕೊಳ್ಳುವಂತೆ ವಿಂಪರನನ್ನು ಕೇಳಿಕೊಂಡನು. ಏಳು ಮಂದಿಯೂ ಒಂದು ಸಾಲಾದರು. ಕೆಲವು ನಿಮಿಷಗಳು ಕಳೆದವು. ಕ್ರೋ ತನ್ನ ಹಿಮಗೊಡಲಿಯನ್ನು ಬದಿಗಿಟ್ಟು, ಹ್ಯಾಡೋನ ಪಾದಗಳನ್ನು ಒಂದೊಂದಾಗಿ ಹಿಡಿದು ಸರಿಯಾದ ಸ್ಥಾನದಲ್ಲಿ ಇರಿಸುತ್ತಿದ್ದನು. ತಾನೊಂದು ಹೆಜ್ಜೆ ಇಳಿಯಲೆಂದು ತಿರುಗಿದನು. ಆ ಕ್ಷಣವೇ ಹ್ಯಾಡೋ ಜಾರಿ ಅವನ ಮೇಲೆ ಬಿದ್ದನು. ಇಬ್ಬರೂ ಉರುಳಿದರು, ಎಳೆತಕ್ಕೆ ಹಡ್ಸನ್ ಕಿತ್ತುಬಂದನು, ಅವನ ಹಿಂದೆಯೇ ಡಗ್ಲಸ್. ಮೇಲಿದ್ದ ಹಿರಿಯ ಪೀಟರನೂ ವಿಂಪರನೂ ಬಂಡೆಯನ್ನು ತಬ್ಬಿ ನಿಂತರು. ಅವರಿಬ್ಬರ ನಡುವೆ ಹಗ್ಗ ಬಿಗಿಯಾಗಿದ್ದುದರಿಂದ ಎಳೆತ ಇಬ್ಬರಿಗೂ ಒಬ್ಬನೇ ಮನುಷ್ಯನಿಗೆ ತಗುಲಿದಂತೆ ತಗುಲಿತು; ಅವರು ಕದಲಲಿಲ್ಲ. ಆದರೆ ಪೀಟರ್ ಮತ್ತು ಡಗ್ಲಸ್ ನಡುವಿನ ಹಗ್ಗ ಮಧ್ಯದಲ್ಲಿಯೇ ತುಂಡಾಯಿತು. ನಾಲ್ವರೂ ಕೈಗಳನ್ನು ಚಾಚಿ ಏನನ್ನಾದರೂ ಹಿಡಿಯಲು ಯತ್ನಿಸುತ್ತ ಒಬ್ಬೊಬ್ಬರಾಗಿ ಕಣ್ಮರೆಯಾದರು. ಸುಮಾರು 1,200 ಮೀಟರು ಕೆಳಗಿನ ಹಿಮನದಿಯ ಮೇಲೆ ಅವರು ಬಿದ್ದರು. ಉಳಿದ ಮೂವರು ಅರ್ಧ ಗಂಟೆಯ ಕಾಲ ಒಂದಡಿಯೂ ಸರಿಯಲಾರದೆ ಅಲ್ಲಿಯೇ ನಡುಗುತ್ತ ನಿಂತರು.

ಈಗ ಹಗ್ಗದ ವಿಚಾರ. ಅಂದು ಅವರ ಬಳಿ ಮೂರು ಬಗೆಯ ಹಗ್ಗಗಳಿದ್ದವು. ಒಂದು, ಇಂಗ್ಲೆಂಡಿನ ಆಲ್ಪೈನ್ ಕ್ಲಬ್ ಒಪ್ಪಿದ ಮನಿಲಾ ನಾರಿನದು. ಎರಡನೆಯದು ಅದಕ್ಕಿಂತ ದಪ್ಪನಾದದ್ದು. ಮೂರನೆಯದು ತೆಳುವಾದ ಹಳೆಯ ಹಗ್ಗ. ಬಂಡೆಗೆ ಕಟ್ಟಿ ಅಲ್ಲಿಯೇ ಬಿಟ್ಟುಬರುವುದಕ್ಕೆಂದು ತಂದದ್ದು. ತುಂಡಾದ ತುದಿಯನ್ನು ನೋಡಿದಾಗ ವಿಂಪರ್ ದಿಗ್ಭ್ರಾಂತನಾದನು. ಪೀಟರ್ ಮತ್ತು ಡಗ್ಲಸ್ ನಡುವೆ ಕಟ್ಟಿದ್ದು ಆ ಮೂರನೆಯ ಹಗ್ಗವಾಗಿತ್ತು.

ನಾರಿನ ಹಗ್ಗಕ್ಕೆ ಒಂದು ದೋಷವಿದೆ: ಅದು ಹಿಗ್ಗುವುದಿಲ್ಲ. ವೇಗವಾಗಿ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವ ಬಾಲಕನು ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನು ಎಲ್ಲರೂ ನೋಡಿರುತ್ತಾರೆ. ವೇಗವು ಸ್ವಲ್ಪ ದೂರದಲ್ಲಿ, ಸ್ವಲ್ಪ ಸಮಯದಲ್ಲಿ ಕುಗ್ಗಿದರೆ ಪೆಟ್ಟು ಕಡಿಮೆ. ಕೈಯನ್ನು ಅಲುಗಿಸದೆ ಹಿಡಿದರೆ ಅಂಗೈ ಉರಿಯುತ್ತದೆ. ಹಿಗ್ಗದ ಹಗ್ಗ ಅಲುಗದ ಕೈಯಿದ್ದಂತೆ. ಬಿದ್ದವರ ವೇಗವೆಲ್ಲ ಒಂದೇ ಕ್ಷಣದಲ್ಲಿ ನಿಲ್ಲಬೇಕಾಗಿ ಬಂದಾಗ ಅವರ ತೂಕದ ಹಲವು ಪಟ್ಟು ಬಲ ಅದರ ಮೇಲೆ ಬೀಳುತ್ತದೆ. ಹಗ್ಗ ಸಡಿಲವಾಗಿ ಜೋಲುತ್ತಿದ್ದರಂತೂ ಬೀಳುವ ದೂರ ಹೆಚ್ಚಿ ಬಲವೂ ಹೆಚ್ಚುತ್ತದೆ. ಒಬ್ಬನು ಜಾರಿದ ಆರಂಭದಲ್ಲಿಯೇ ಹಗ್ಗ ಬಿಗಿಯಾಗಿದ್ದರೆ ಪಕ್ಕದವನೊಬ್ಬನೇ ತಡೆಯಬಲ್ಲನು. ನಾಲ್ವರು ಉರುಳಲಾರಂಭಿಸಿದ ಮೇಲೆ ಅದನ್ನು ತಡೆಯುವುದು ಬೇರೆಯೇ ಮಾತು. ಇನ್ನೊಂದು ಅಂಶವೂ ಇದೆ. ಆ ಕಾಲದಲ್ಲಿ ಎಲ್ಲರೂ ಹಗ್ಗಕ್ಕೆ ಕಟ್ಟಿಕೊಳ್ಳುತ್ತಿದ್ದರೇ ಹೊರತು ಹಗ್ಗವನ್ನು ಬಂಡೆಗೆ ಕಟ್ಟುವ ಪದ್ಧತಿ ರೂಢಿಗೆ ಬಂದಿರಲಿಲ್ಲ. ಬಂಡೆಗೆ ಸಂಬಂಧವಿಲ್ಲದ ಹಗ್ಗ ಬಲಿಷ್ಠನನ್ನೂ ದುರ್ಬಲನನ್ನೂ ಒಂದೇ ವಿಧಿಗೆ ಒಳಪಡಿಸುತ್ತದೆ. ಅತ್ತ, ಆ ಹಗ್ಗ ಗಟ್ಟಿಯಾಗಿದ್ದರೆ ನಾಲ್ವರೂ ಬದುಕುತ್ತಿದ್ದರೋ, ಏಳು ಮಂದಿಯೂ ಸಾಯುತ್ತಿದ್ದರೋ ಯಾರೂ ಖಂಡಿತವಾಗಿ ಹೇಳಲಾರರು.

ಜುಲೈ ತಿಂಗಳಲ್ಲಿಯೇ ಜರ್ಮಾಟಿನಲ್ಲಿ ವಿಚಾರಣೆ ನಡೆಯಿತು. ವಿಚಾರಣಾಧಿಕಾರಿ ಕ್ಲೆಮೆನ್ಸ್ ಬದುಕಿ ಬಂದವರ ಹೇಳಿಕೆಗಳನ್ನು ಬರೆದುಕೊಂಡನು. ಬೇರೆ ಹಗ್ಗವನ್ನು ಏಕೆ ಕಟ್ಟಲಾಯಿತೆಂಬ ಪ್ರಶ್ನೆಗೆ, ಮೊದಲನೆಯ ಹಗ್ಗ ತನ್ನವರೆಗೆ ಸಾಲುವಷ್ಟು ಉದ್ದವಿರಲಿಲ್ಲವೆಂದು ಹಿರಿಯ ಪೀಟರ್ ಉತ್ತರಿಸಿದನು. ಯಾರ ಮೇಲೂ ಅಪರಾಧ ಹೊರಿಸಲು ಆಧಾರವಿಲ್ಲವೆಂದು ತೀರ್ಮಾನವಾಯಿತು. ಆದರೆ ವಿಚಾರಣೆಯ ಪತ್ರಗಳನ್ನು ಪ್ರಕಟಿಸಲಿಲ್ಲ. ಅವು ಹೊರಬಂದದ್ದು ಐವತ್ತು ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ. ಈ ಮೌನದಲ್ಲಿ ವದಂತಿ ಬೆಳೆಯಿತು. ತನ್ನ ಜೀವ ಉಳಿಸಿಕೊಳ್ಳಲು ಪೀಟರನೇ ಚಾಕುವಿನಿಂದ ಹಗ್ಗವನ್ನು ಕತ್ತರಿಸಿದನೆಂದು ಜನ ಆಡಿಕೊಂಡರು. ಹಗ್ಗವು ಕತ್ತರಿಸಿದ್ದಲ್ಲ, ಎಳೆತಕ್ಕೆ ಹರಿದದ್ದೆಂದು ವಿಂಪರ್ ಸಾಕ್ಷ್ಯ ನುಡಿದನು. ಎಳೆತದ ಕ್ಷಣಾರ್ಧದಲ್ಲಿ ಬಂಡೆಯನ್ನು ತಬ್ಬಿ ನಿಂತಿದ್ದವನ ಕೈಗೆ ಚಾಕು ಬರುವುದೂ ಸಾಧ್ಯವಿಲ್ಲ. ಆದರೂ, ದುರ್ಬಲ ಹಗ್ಗವನ್ನು ಆಯ್ದದ್ದರಲ್ಲಿ ಪೀಟರನಿಗೆ ಏನಾದರೂ ಉದ್ದೇಶವಿತ್ತೇ ಎಂಬ ಸಂದೇಹದ ನೆರಳನ್ನು ವಿಂಪರನೇ 1871ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಉಳಿಸಿದನು. ಇದು ನ್ಯಾಯವೆಂದು ತೋರುವುದಿಲ್ಲ. ಹಗ್ಗಗಳನ್ನು ತಂದವನು ವಿಂಪರ್. ಯಾವುದು ಯಾವುದಕ್ಕೆಂದು ಬಲ್ಲವನೂ ಅವನೇ. ಶಿಖರದಲ್ಲಿ ಚಿತ್ರ ಬರೆಯುತ್ತ ಕುಳಿತಿದ್ದ ಆ ಹೊತ್ತಿನಲ್ಲಿ ಯಾರೂ, ಹಡ್ಸನ್‌ನಾಗಲಿ ವಿಂಪರ್‌ನಾಗಲಿ, ಗಂಟುಗಳನ್ನು ಪರೀಕ್ಷಿಸಲಿಲ್ಲ. ಹೊರೆ ಹೊತ್ತ ಮಾರ್ಗದರ್ಶಿಯ ಹೆಸರು ಮಾತ್ರ ಕಳಂಕಿತವಾಯಿತು. ಅವನು ಕೆಲವು ಕಾಲ ಅಮೆರಿಕಕ್ಕೆ ಹೋಗಿದ್ದು, ಹಿಂದಿರುಗಿ, 1888ರಲ್ಲಿ ತೀರಿಕೊಂಡನು. ಆ ಹಗ್ಗದ ತುಂಡು ಜರ್ಮಾಟಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಮೂವರ ದೇಹಗಳು ದೊರೆತವು. ಡಗ್ಲಸ್‌ನ ದೇಹ ಸಿಗಲೇ ಇಲ್ಲ.

ಇಂಗ್ಲೆಂಡಿನಲ್ಲಿ ಪತ್ರಿಕೆಗಳು ಪರ್ವತಾರೋಹಣವನ್ನೇ ಖಂಡಿಸಿದವು. ಮುಂದೆ 1882ರಲ್ಲಿ ಆಲ್ಪ್ಸ್‌ನಲ್ಲಿ ಮತ್ತಷ್ಟು ಸಾವುಗಳಾದಾಗ ವಿಕ್ಟೋರಿಯಾ ರಾಣಿಯು ಈ ಸಾಹಸಗಳ ವಿರುದ್ಧ ಏನಾದರೂ ಹೇಳಬಹುದೇ ಎಂದು ಪ್ರಧಾನಮಂತ್ರಿ ಗ್ಲ್ಯಾಡ್‌ಸ್ಟನ್‌ರನ್ನು ವಿಚಾರಿಸಿದ್ದುಂಟು. ಆರೋಹಿಗಳು ನಿಲ್ಲಲಿಲ್ಲ. 1871ರಲ್ಲಿ ಲೂಸಿ ವಾಕರ್ ಶಿಖರವನ್ನೇರಿದ ಪ್ರಥಮ ಮಹಿಳೆಯಾದಳು. ಸದಾ ನೆರಳಿನಲ್ಲಿರುವ ಭಯಂಕರವಾದ ಉತ್ತರಮುಖವನ್ನು 1931ರಲ್ಲಿ ಫ್ರಾನ್ಸ್ ಮತ್ತು ಟೋನಿ ಶ್ಮಿಡ್ ಸೋದರರು ಗೆದ್ದರು. ಅವರು ಮ್ಯೂನಿಕ್‌ನಿಂದ ಅಲ್ಲಿಗೆ ಬಂದದ್ದು ಸೈಕಲ್ಲಿನ ಮೇಲೆ. ಆರೋಹಣದ ವಿಧಾನವೂ ಬದಲಾಯಿತು. ಒಬ್ಬನು ಚಲಿಸುವಾಗ ಇನ್ನೊಬ್ಬನು ಬಂಡೆಗೆ ಭದ್ರವಾಗಿ ಕಟ್ಟಿಕೊಂಡು ಹಗ್ಗವನ್ನು ನಿಯಂತ್ರಿಸುವ ಪದ್ಧತಿ ಬಂದಿತು. 1940ರ ದಶಕದಲ್ಲಿ ನೈಲಾನ್ ಹಗ್ಗ ಬಂದ ಮೇಲೆ, ಬಿದ್ದವನ ಭಾರಕ್ಕೆ ಹಿಗ್ಗಿ ಪೆಟ್ಟನ್ನು ನುಂಗುವ ಗುಣ ಹಗ್ಗಕ್ಕೆ ದೊರೆಯಿತು. ಬರಿಯ ಸೊಂಟಕ್ಕೆ ಗಂಟು ಹಾಕುವುದನ್ನು ಬಿಟ್ಟು, ತೊಡೆ ಸೊಂಟಗಳೆರಡನ್ನೂ ಬಳಸುವ ಪಟ್ಟಿಗಳನ್ನು ತೊಡುವುದು ವಾಡಿಕೆಯಾಯಿತು.

ಇಂದು ಹೋರ್ನ್‌ಲಿ ಏಣಿನ ಬುಡದಲ್ಲಿ, 3,260 ಮೀಟರು ಎತ್ತರದಲ್ಲಿ ಆರೋಹಿಗಳ ತಂಗುದಾಣವಿದೆ. ಬೆಳಗಿನ ಜಾವದ ಕತ್ತಲೆಯಲ್ಲಿ ತಲೆಗೆ ದೀಪ ಕಟ್ಟಿಕೊಂಡು ಹೊರಡುವವರು ಸುಮಾರು 1,200 ಮೀಟರುಗಳ ಏರನ್ನು ನಾಲ್ಕೈದು ಗಂಟೆಗಳಲ್ಲಿ ಮುಗಿಸುತ್ತಾರೆ. ಇಳಿಯುವುದಕ್ಕೂ ಅಷ್ಟೇ ಹೊತ್ತು ಬೇಕು. ನಾಲ್ವರು ಬಿದ್ದ ಮೇಲ್ಭಾಗದಲ್ಲಿ ಈಗ ದಪ್ಪನಾದ ಹಗ್ಗಗಳನ್ನು ಬಂಡೆಗೆ ಶಾಶ್ವತವಾಗಿ ಬಿಗಿಯಲಾಗಿದೆ. ಅಂದು ಚರ್ಚಿಸಿ ಬಿಟ್ಟ ಕೆಲಸವೇ ಅದು. 4,003 ಮೀಟರಿನಲ್ಲಿ, ಬೆಲ್ಜಿಯಂ ದೇಶದ ಉದ್ಯಮಿ ಅರ್ನೆಸ್ಟ್ ಸಾಲ್ವೆ ಕೊಟ್ಟ ಹಣದಿಂದ 1915ರಲ್ಲಿ ಕಟ್ಟಿದ ಚಿಕ್ಕ ಮರದ ಗುಡಿಸಲಿದೆ. ಅಪಾಯಕ್ಕೆ ಸಿಕ್ಕಿದವರು ಮಾತ್ರ ಅದರಲ್ಲಿ ತಂಗಬೇಕೆಂಬುದು ನಿಯಮ. ಇಷ್ಟೆಲ್ಲ ಅನುಕೂಲವಿದ್ದೂ 1865ರಿಂದೀಚೆಗೆ ಈ ಬೆಟ್ಟದಲ್ಲಿ ಮಡಿದವರ ಸಂಖ್ಯೆ 500ನ್ನು ಮೀರಿದೆ. ಇತ್ತೀಚಿನ ದಶಕಗಳಲ್ಲಿ ಇನ್ನೊಂದು ಅಪಾಯ ತಲೆಯೆತ್ತಿದೆ. ಬಿರುಕುಗಳಲ್ಲಿ ವರ್ಷವಿಡೀ ಕರಗದೆ ನಿಂತು ಬಂಡೆಗಳನ್ನು ಗಾರೆಯಂತೆ ಹಿಡಿದಿದ್ದ ಮಂಜುಗಡ್ಡೆ, ಬೇಸಿಗೆಗಳು ಬಿಸಿಯಾದಂತೆ ಕರಗುತ್ತಿದೆ. 2003ರ ಕಡುಬೇಸಿಗೆಯ ಜುಲೈನಲ್ಲಿ ಹೋರ್ನ್‌ಲಿ ಏಣಿನ ಮೇಲೆಯೇ ದೊಡ್ಡ ಬಂಡೆಕುಸಿತವಾಗಿ, ಮೇಲೆ ಸಿಕ್ಕಿಬಿದ್ದ ಹತ್ತಾರು ಮಂದಿಯನ್ನು ಹೆಲಿಕಾಪ್ಟರುಗಳಲ್ಲಿ ಇಳಿಸಬೇಕಾಯಿತು. ಆ ಗಾಯದ ಸುತ್ತ ವಿಜ್ಞಾನಿಗಳು 2008ರಿಂದ ಉಪಕರಣಗಳನ್ನು ಹುದುಗಿಸಿ ಬಂಡೆಯ ಉಷ್ಣತೆಯನ್ನೂ ಚಲನೆಯನ್ನೂ ಅಳೆಯತೊಡಗಿದರು.

ಕಾರೆಲ್‌ನ ಕಥೆ ಹೇಳುವುದು ಉಳಿದಿದೆ. ಸೋತು ಹಿಂದಿರುಗಿದ ಮೂರೇ ದಿನಗಳಲ್ಲಿ, 1865ರ ಜುಲೈ 17ರಂದು, ಅವನು ಜಾನ್ ಬ್ಯಾಪ್ಟಿಸ್ಟ್ ಬಿಚ್‌ನೊಡನೆ ಇಟಲಿಯ ಕಡೆಯಿಂದಲೇ ಶಿಖರವನ್ನು ಏರಿದನು. ಕೊನೆಯ ಕೊರಕಲನ್ನು ಇಳಿದು ದಾಟಿದರೆ ಹಿಂದೆ ಹತ್ತಲು ಮೇಲಿನಿಂದ ಆಸರೆ ಬೇಕಾಗಿತ್ತು. ಜೊತೆಯಲ್ಲಿದ್ದ ಪಾದ್ರಿ ಗೊರೆ ಮತ್ತು ಮೇನೆ ಎಂಬ ಇಬ್ಬರು, ಶಿಖರ ಕಣ್ಣೆದುರಿನಲ್ಲಿಯೇ ಇದ್ದರೂ ಮುಂದೆ ಹೋಗದೆ, ಆ ಇಬ್ಬರನ್ನು ಮೇಲೆಳೆದುಕೊಳ್ಳುವುದಕ್ಕಾಗಿ ಅಲ್ಲಿಯೇ ಕಾದು ಕುಳಿತರು. ಮ್ಯಾಟರ್‌ಹಾರ್ನ್ ಕುರಿತು ಮಾತನಾಡುವವರು ಇವರ ಹೆಸರುಗಳನ್ನು ಅಪರೂಪವಾಗಿ ನೆನೆಯುತ್ತಾರೆ. ಪ್ರತಿಸ್ಪರ್ಧಿಗಳಾಗಿದ್ದ ಕಾರೆಲ್ ಮತ್ತು ವಿಂಪರ್ ಮುಂದೆ ಒಂದಾಗಿ ದಕ್ಷಿಣ ಅಮೆರಿಕದ ಈಕ್ವಡಾರ್ ದೇಶಕ್ಕೆ ಹೋಗಿ, 1880ರ ಜನವರಿ 4ರಂದು ಚಿಂಬೊರಾಜೋ ಶಿಖರವನ್ನು ಮೊತ್ತಮೊದಲಿಗೆ ಏರಿದರು.

1890ರ ಆಗಸ್ಟ್ ತಿಂಗಳಲ್ಲಿ, ಅರುವತ್ತು ದಾಟಿದ್ದ ಕಾರೆಲ್ ಟ್ಯೂರಿನ್ನಿನ ಸಂಗೀತಗಾರ ಲಿಯೋನೆ ಸಿನಿಗಾಲಿಯಾ ಎಂಬ ತರುಣನನ್ನು ಇಟಲಿಯ ಕಡೆಯಿಂದ ಕರೆದೊಯ್ದನು. ಹಿಮದ ಬಿರುಗಾಳಿ ಎದ್ದು ಅವರು ಏಣಿನ ಮೇಲಿನ ಗುಡಿಸಲಿನಲ್ಲಿ ಸೆರೆಯಾದರು. ಗಾಳಿ ನಿಲ್ಲದಿದ್ದಾಗ ಇಳಿಯಲು ನಿಶ್ಚಯಿಸಿದರು. ಹಗ್ಗಗಳೂ ಕಲ್ಲುಗಳೂ ಮಂಜುಗಟ್ಟಿದ್ದವು. ಬಹು ಗಂಟೆಗಳ ಕಾಲ ಕಾರೆಲ್ ಮುಂದಾಳಾಗಿ, ಒಂದೊಂದು ಹೆಜ್ಜೆಯನ್ನೂ ತಾನೇ ನೋಡಿಕೊಳ್ಳುತ್ತ ತಂಡವನ್ನು ಕೆಳಗಿಳಿಸಿದನು. ಕಡಿದಾದ ಬಂಡೆಗಳೆಲ್ಲ ಮುಗಿದು, ಹುಲ್ಲುಗಾವಲು ಸಮೀಪಿಸಿ, ಇನ್ನು ಯಾರಿಗೂ ಅಪಾಯವಿಲ್ಲವೆನ್ನುವ ಸ್ಥಳದಲ್ಲಿ ಅವನು ಕುಸಿದು ಬಿದ್ದನು. ಮತ್ತೆ ಏಳಲಿಲ್ಲ. ಅವನು ಪ್ರಾಣ ಬಿಟ್ಟ ಜಾಗದಲ್ಲಿ ಒಂದು ಶಿಲುಬೆಯನ್ನು ನೆಡಲಾಗಿದೆ. ಸಿಂಹದ ಏಣನ್ನು ಏರಲು ಹೊರಟವರ ದಾರಿ ಅದರ ಪಕ್ಕದಲ್ಲಿಯೇ ಸಾಗುತ್ತದೆ.